ಹಾಲು ರೂಪಾಯಿಗೆ, ಕಂತು ಯೂರೋಗೆ

ಸಾಲ ಅಂದರೆ ನಮ್ಮ ಕಡೆ ಹಿರಿಯರು ಮೊದಲು ಕೇಳೋದು ಒಂದೇ ಪ್ರಶ್ನೆ: ಎಮ್ಮೆಗೋ, ಮದುವೆಗೋ? ಎಮ್ಮೆ ಹಾಲು ಕೊಟ್ಟು ತನ್ನ ಸಾಲ ತಾನೇ ತೀರಿಸುತ್ತದೆ, ಮದುವೆ ತೀರಿಸುವುದಿಲ್ಲ. ದೇಶಗಳ ಸಾಲಕ್ಕೂ ಮೊದಲ ಪರೀಕ್ಷೆ ಇದೇ. ಆದರೆ ಇದೊಂದೇ ಸಾಲದು. ಯಾಕೆ ಎಂಬುದನ್ನು ನಮ್ಮ ಭೋಸರಿಯ ಪಕ್ಕದಲ್ಲೇ ಓಡುವ ಮೆಟ್ರೋ ನೋಡಿ ತಿಳಿಯೋಣ.

ಪುಣೆ ಮೆಟ್ರೋದ ಮೊದಲ ಎರಡು ಮಾರ್ಗಗಳಿಗೆ 2016ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಾಗ ಅಂದಾಜು ವೆಚ್ಚ 11,420 ಕೋಟಿ ರೂಪಾಯಿ. ಅದೆಲ್ಲಾ ತೆರಿಗೆ ಹಣವಲ್ಲ. 2019ರಲ್ಲಿ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ 24.5 ಕೋಟಿ ಯೂರೋ, ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕು ಮೊದಲ ಭಾಗವಾಗಿ 20 ಕೋಟಿ ಯೂರೋ ಸಾಲದ ಒಪ್ಪಂದ ಮಾಡಿಕೊಂಡವು. 2022ರ ಮಾರ್ಚ್ 6ರಂದು ಪಿಂಪ್ರಿಯಿಂದ ಫುಗೇವಾಡಿವರೆಗೆ ರೈಲು ಶುರುವಾಯ್ತು. ನಾಸಿಕ್ ಫಾಟಾದ ನಿಲ್ದಾಣ ಭೋಸರಿ ಹೆಸರಿನಲ್ಲೇ ತೆರೆಯಿತು.

ತೊಡಕು ಇಲ್ಲಿದೆ. ಪ್ರಯಾಣಿಕರು ಟಿಕೆಟ್ಟಿಗೆ ಕೊಡೋದು ರೂಪಾಯಿ, ಕಂತು ಕಟ್ಟಬೇಕಾದ್ದು ಯೂರೋದಲ್ಲಿ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: 80 ರೂಪಾಯಿ ದರದಲ್ಲಿ 100 ಯೂರೋ ಸಾಲ ತಂದೆವು, ಕೈಗೆ 8,000 ಬಂತು. ತೀರಿಸುವಾಗ ಯೂರೋಗೆ 100 ರೂಪಾಯಿ ಆಗಿದ್ದರೆ ಅಸಲೇ 10,000. ಬಡ್ಡಿ ಕಡಿಮೆ ಅಂತ ಹಿಗ್ಗಿದ್ದೆಲ್ಲಾ ಆ 2,000ದಲ್ಲಿ ಕರಗಬಹುದು.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಮೂರು: ಆಸ್ತಿ ದುಡಿಯುತ್ತದೆಯೇ? ಯಾವ ನಾಣ್ಯದಲ್ಲಿ ದುಡಿಯುತ್ತದೆ? ಅದು ದುಡಿಯದಿದ್ದರೆ ಹೊರುವ ಶಕ್ತಿ ದೇಶಕ್ಕಿದೆಯೇ?

ಶ್ರೀಲಂಕಾದ ಹಂಬನ್‌ತೋಟ ಬಂದರಿಗೆ ಚೀನಾದ ಸಾಲ ಬಂತು, ಹಡಗು ಸಾಕಷ್ಟು ಬರಲಿಲ್ಲ. 2017ರಲ್ಲಿ ಬಂದರನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಬಂದರು ಕೊಟ್ಟು ಸಾಲ ಹರಿದುಕೊಂಡರು ಅಂತ ಹಲವರು ಹೇಳುತ್ತಾರೆ. ಹಾಗಲ್ಲ. ಗುತ್ತಿಗೆಯ ಡಾಲರು ಬಂತು, ಸಾಲ ಹಾಗೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಆ ದೇಶ ವಿದೇಶಿ ಸಾಲದ ಕಂತನ್ನೇ ನಿಲ್ಲಿಸಿತು.

ನಮ್ಮ ಸ್ಥಿತಿ ಅದಲ್ಲ. 2025ರ ಮಾರ್ಚ್‌ನಲ್ಲಿ ಭಾರತದ ವಿದೇಶಿ ಸಾಲ ದೇಶದ ಒಟ್ಟು ಉತ್ಪನ್ನದ ಶೇ. 19ರಷ್ಟು. ಆದರೂ 1991ರಲ್ಲಿ ಚಿನ್ನ ಅಡವಿಟ್ಟ ದೇಶ ನಮ್ಮದೇ.

ಮೆಟ್ರೋ ಬೇಡ ಅನ್ನುವುದು ನನ್ನ ವಾದವಲ್ಲ. ಪಾಳಿಗೆ ಹೋಗುವ ಕಾರ್ಮಿಕನ ಹೊತ್ತು ಉಳಿದರೆ ಅದೂ ಆದಾಯವೇ, ಟಿಕೆಟ್ ಪುಸ್ತಕದಲ್ಲಿ ಕಾಣದಿದ್ದರೂ. ಆದರೆ ಇವು ದೀರ್ಘಾವಧಿ ಸಾಲಗಳು. ಸಾಲಗಾರ ಭಾರತ ಸರ್ಕಾರ. ಈಗ ಇಪ್ಪತ್ತರ ವಯಸ್ಸಿನ ನಾವು ತೆರಿಗೆ ಕಟ್ಟುವ ಕಾಲಕ್ಕೂ ಕಂತು ಇರುತ್ತದೆ. ಬೆಂಗಳೂರಿನ ನಮ್ಮ ಮೆಟ್ರೋಗೂ ಜಪಾನಿನ ಯೆನ್ ಸಾಲವಿದೆ. ಊರಿಗೆ ಹೋದಾಗ ಅಲ್ಲಿನ ಗೆಳೆಯರ ಜೊತೆ ಈ ಮೂರು ಪ್ರಶ್ನೆ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ.