ನೋವು ನಿಂತರೂ ಹಲ್ಲು ತೋರಿಸಿ

ಹಲ್ಲು ನೋವು ಬಂದರೆ ನಾವು ಏನು ಮಾಡುತ್ತೇವೆ? ಲವಂಗ ಕಚ್ಚುತ್ತೇವೆ. ಉಪ್ಪು ನೀರು ಮುಕ್ಕಳಿಸುತ್ತೇವೆ. ಅಂಗಡಿಯ ಮಾತ್ರೆ ನುಂಗುತ್ತೇವೆ. ನೋವು ನಿಲ್ಲುತ್ತದೆ. ಆಸ್ಪತ್ರೆಯ ನೆನಪೂ ಹೋಗುತ್ತದೆ.

ನೋವು ಹೋದರೆ ರೋಗ ಹೋಯಿತೇ? ಇಲ್ಲ. ಹಲ್ಲಿನ ಒಳಗೆ ನರ ಇದೆ. ಹುಳುಕು ಆಳಕ್ಕೆ ಇಳಿದರೆ ನರ ಸಾಯುತ್ತದೆ. ಆಗ ನೋವು ನಿಲ್ಲಬಹುದು. ಆದರೆ ಬೇರಿನ ತುದಿಯಲ್ಲಿ ಕೀವು ಕೂಡುತ್ತದೆ. ಒಸಡಿನ ಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಅದು ಒಡೆದು ಮತ್ತೆ ಮತ್ತೆ ಬರುತ್ತದೆ. ಹಲ್ಲಿಗೆ ಚಿಕಿತ್ಸೆ ಆಗದೆ ಅದು ಗುಣವಾಗದು.

ಇನ್ನೊಂದು ಬಗೆಯ ಗಂಟು ಇದೆ. ಅದು ಮೊದಲಿಗೆ ನೋಯುವುದೇ ಇಲ್ಲ. ಈ ಅತ್ತೆ ಸೊಸೆಯ ಮಾತು ಓದಿ.

"ಅತ್ತೆ, ನಿಮ್ ಕೆನ್ನೆ ಒಳಗೆ ಎಂತ ಅದು?"

"ಸಣ್ಣ ಗಂಟು ಮಾರಾಯ್ತಿ. ಎಲೆ ಅಡಿಕೆ ಹಾಕಿ ಹಾಕಿ ಆದ್ದ್."

"ಎಷ್ಟ್ ದಿನ ಆಯ್ತ್?"

"ಚೌತಿಗೆ ಶುರು ಆದ್ದ್. ಈಗ ದೀಪಾವಳಿ ಬಂತ್. ನೋವಿಲ್ಲ, ಎಂತಕೆ ಆಸ್ಪತ್ರೆ?"

"ನೋವಿಲ್ಲ ಅಂತ ಬಿಡುಕಾಗ. ನಾಳೆಯೇ ಹೋಪ ಅತ್ತೆ."

ಸೊಸೆ ಹೇಳಿದ್ದು ಸರಿ. ಬಾಯಿ ಕ್ಯಾನ್ಸರ್ ಮೊದಲಿಗೆ ಹೀಗೇ ನೋವಿಲ್ಲದೆ ಇರಬಹುದು. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು. ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಎರಡು ವಾರ ಕಳೆದರೂ ಇವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ:
• ಮಾಯದ ಹುಣ್ಣು
• ಬಾಯಿ ಅಥವಾ ಕುತ್ತಿಗೆಯ ಗಂಟು
• ಬಿಳಿ ಅಥವಾ ಕೆಂಪು ಕಲೆ
• ಖಾರ ತಿಂದರೆ ಉರಿ, ಬಾಯಿ ತೆರೆಯಲು ಕಷ್ಟ
• ಕಾರಣವಿಲ್ಲದೆ ಅಲ್ಲಾಡುವ ಹಲ್ಲು

ಇವು ಕಂಡರೆ ಅದೇ ದಿನ, ರಾತ್ರಿಯಾದರೂ ಹೋಗಿ:
• ಹಲ್ಲು ನೋವಿನ ಜೊತೆ ಜ್ವರ, ಮುಖ ಅಥವಾ ದವಡೆಯಲ್ಲಿ ಬಾವು
• ನುಂಗಲು, ಉಸಿರಾಡಲು ಕಷ್ಟ

ಎಲೆ ಅಡಿಕೆ ನಮ್ಮ ಕಡೆ ಮರ್ಯಾದೆಯ ವಸ್ತು. ಮದುವೆಗೂ ಬೇಕು, ಪೂಜೆಗೂ ಬೇಕು. ಆದರೆ ದಿನವೂ ಜಗಿಯುವುದು ಅಪಾಯ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಹೊಗೆಸೊಪ್ಪು ಇಲ್ಲದ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ತೀರ್ಮಾನಿಸಿತು. ಹರಿವಾಣದಲ್ಲಿ ಎಲೆ ಅಡಿಕೆ ಇರಲಿ. ಬಾಯಿಗೆ ಬೇಡ.

ಕೆಲವರು ಹೆದರಿಸುತ್ತಾರೆ. "ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ" ಎನ್ನುತ್ತಾರೆ. ಇದು ಸುಳ್ಳು. "ಗಂಟಿನ ಚೂರು ತೆಗೆದರೆ ರೋಗ ಹರಡುತ್ತದೆ" ಎನ್ನುತ್ತಾರೆ. ಇದೂ ಸುಳ್ಳು. ಚೂರು ತೆಗೆದು ಪರೀಕ್ಷಿಸಿದರೆ ಮಾತ್ರ ರೋಗ ಯಾವುದೆಂದು ಖಚಿತವಾಗುತ್ತದೆ.

ಎಲ್ಲಿಗೆ ಹೋಗಬೇಕು? ಬೈಂದೂರು, ಬ್ರಹ್ಮಾವರ, ಕುಂದಾಪುರದಲ್ಲಿ ಸರಕಾರಿ ಆಸ್ಪತ್ರೆ ಇದೆ. ಹಲ್ಲಿನ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಮಣಿಪಾಲದಲ್ಲಿ ದಂತ ಕಾಲೇಜು ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಮನೆಯವರ ಊಟ, ಮಕ್ಕಳ ಶಾಲೆ, ದನದ ಹುಲ್ಲು ಎಂದು ನಾವು ನಮ್ಮ ನೋವನ್ನು ನಾಳೆಗೆ ದೂಡುತ್ತೇವೆ. ಈ ಒಂದು ಕೆಲಸ ನಾಳೆಗೆ ಬೇಡ.

ಮಾಡಿ ನೋಡಿ
1. ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಅಡಿ ನೋಡಿ.
2. ಮನೆಯ ಹಿರಿಯರ ಬಾಯಿಯನ್ನೂ ನೋಡಿ.

ಉತ್ತರ ಹೇಳಿ
1. ಹಲ್ಲಿನ ನೋವು ತಾನಾಗಿ ನಿಂತರೆ ಒಳಗೆ ಏನು ಆಗಿರಬಹುದು?
2. ಬಾಯಿಯ ಹುಣ್ಣು ಎಷ್ಟು ದಿನ ಕಳೆದರೂ ಮಾಯದಿದ್ದರೆ ತೋರಿಸಬೇಕು?
3. ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಯಾವುವು?

ಬರೆಯಿರಿ
ಒಸಡು, ದವಡೆ, ಹುಣ್ಣು, ಗಂಟು, ಆಸ್ಪತ್ರೆ