ಮೇವು ಕತ್ತರಿಸುವ ಯಂತ್ರದ ಅಲಗು: ಸಾಣೆ ಮತ್ತು ಜೋಪಾನ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ನೀರಾವರಿ ಊರುಗಳಲ್ಲಿ ಕಬ್ಬು ಕಡಿಯುವ ಹಂಗಾಮು ಬಂತೆಂದರೆ ದನಗಳಿಗೆ ಹಸಿ ಸೋಗೆಯ ಸುಗ್ಗಿ. ಉಳಿದ ದಿನಗಳಲ್ಲಿ ಬಿಳಿಜೋಳದ ಕಣಿಕೆ, ಗೋವಿನಜೋಳದ ದಂಟು, ಕಾಲುವೆಯ ಬದಿಗೆ ಬೆಳೆದ ನೇಪಿಯರ್ ಹುಲ್ಲು. ಇವನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ಕಾಲಡಿ ತುಳಿದುಬಿಡುತ್ತವೆ. ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಉಳಿಯುವುದು ಕಡಿಮೆ. ಇದನ್ನರಿತು ಅನೇಕ ರೈತ ಬಾಂಧವರು ಮೇವು ಕತ್ತರಿಸುವ ಯಂತ್ರ ಕೊಂಡಿದ್ದಾರೆ. ಆದರೆ ಮೋಟಾರಿನ ಮೇಲಿರುವ ಲಕ್ಷ್ಯ ಅಲಗಿನ ಮೇಲೆ ಇರುವುದಿಲ್ಲ.

ಮೊಂಡಾದ ಅಲಗು ಮೊದಲು ಮೇವನ್ನು ಕೆಡಿಸುತ್ತದೆ. ದಂಟು ತುಂಡಾಗದೆ ಮಡಚಿಕೊಂಡು ನಾರುನಾರಾಗಿ ಹೊರಬರುತ್ತದೆ, ಮೋಟಾರು ನರಳುತ್ತದೆ, ಬಾಯಿಯಲ್ಲಿ ಮೇವು ಕಟ್ಟಿಕೊಳ್ಳುತ್ತದೆ. ಆಗ ಕೆಲಸದವರು ಏನು ಮಾಡುತ್ತಾರೆ? ಕೈಯಿಂದ ಒತ್ತಿ ತಳ್ಳುತ್ತಾರೆ. ಕಟ್ಟಿಕೊಂಡ ಮೇವು ಒಮ್ಮೆಲೇ ಸಡಿಲವಾದಾಗ ಉರುಳೆಗಳು ದಂಟಿನೊಂದಿಗೆ ಕೈಯನ್ನೂ ಎಳೆದುಕೊಳ್ಳುತ್ತವೆ. ಹರಿತವಾದ ಅಲಗು ಅಪಾಯ, ಮೊಂಡು ಅಲಗು ನಿರಪಾಯ ಎಂದು ತಿಳಿಯುವುದು ತಪ್ಪು. ಹರಿತವಾದ ಅಲಗಿದ್ದ ಯಂತ್ರ ಮೇವನ್ನು ತಾನೇ ಎಳೆದುಕೊಳ್ಳುತ್ತದೆ. ಕೈ ದೂರವೇ ಉಳಿಯುತ್ತದೆ.

ಸಾಣೆ ಹಿಡಿಯುವ ಮೊದಲು ಯಂತ್ರ ಕತ್ತರಿಸುವ ಬಗೆಯನ್ನು ತಿಳಿಯಬೇಕು. ಭಾರಗಾಲಿಗೆ ಬಿಗಿದ ಎರಡು ಅಥವಾ ಮೂರು ಅಲಗುಗಳು ಯಂತ್ರದ ಬಾಯಿಯಲ್ಲಿ ಕೂಡಿಸಿದ ಉಕ್ಕಿನ ಅಡ್ಡಪಟ್ಟಿಯನ್ನು ಸವರಿಕೊಂಡು ಹೋಗುತ್ತವೆ. ಕತ್ತರಿಯ ಎರಡು ಎಲೆಗಳಿದ್ದಂತೆ ಇದು. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಹುಲ್ಲುಹಾಸು ಕತ್ತರಿಸುವ ಯಂತ್ರವನ್ನು ರೂಪಿಸಿದ್ದು ಉಣ್ಣೆ ಬಟ್ಟೆಯ ಮೇಲಿನ ಜುಂಗು ಸವರುವ ಗಿರಣಿ ಯಂತ್ರವನ್ನು ನೋಡಿ. ಮಗ್ಗದ ಊರುಗಳಾದ ರಬಕವಿ, ಬನಹಟ್ಟಿಯವರಿಗೆ ಈ ಸಂಗತಿ ಮೆಚ್ಚುಗೆಯಾದೀತು. ಅಲ್ಲಿಯೂ ತಿರುಗುವ ಅಲಗು, ಸ್ಥಿರವಾದ ಪಟ್ಟಿ. ಆದಕಾರಣ ಅಲಗನ್ನು ಎಷ್ಟೇ ಮಸೆದರೂ ಅಡ್ಡಪಟ್ಟಿಯ ಅಂಚು ಗುಂಡಾಗಿದ್ದರೆ ಅಥವಾ ನಡುವೆ ಸಂದು ಬಿದ್ದಿದ್ದರೆ ಮೇವು ತುಂಡಾಗುವುದಿಲ್ಲ.

ಮೊದಲ ಕೆಲಸ ವಿದ್ಯುತ್ತನ್ನು ಕಡಿಯುವುದು. ಇದರಲ್ಲಿ ಉದಾಸೀನ ಕೂಡದು. ಮೂರು ಫೇಸ್ ವಿದ್ಯುತ್ತು ಹೊತ್ತಿನ ಲೆಕ್ಕದಲ್ಲಿ ಬರುವ ತೋಟಗಳಲ್ಲಿ, ಕರೆಂಟು ಹೋದಾಗ ಗುಂಡಿಯನ್ನು ಹಾಗೆಯೇ ಬಿಟ್ಟು ಅಲಗು ಬಿಚ್ಚಲು ಕುಳಿತವರುಂಟು. ಕರೆಂಟು ಬಂದೊಡನೆ ಗಾಲಿ ತಾನಾಗಿ ತಿರುಗುತ್ತದೆ. ಸ್ವಯಂಚಾಲಿತ ಸ್ಟಾರ್ಟರ್ ಇದ್ದಲ್ಲಂತೂ ಕೇಳುವುದೇ ಬೇಡ. ಆದ್ದರಿಂದ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಬೆಲ್ಟನ್ನು ಕಳಚಿ, ಗಾಲಿಯ ಕಡ್ಡಿಗಳ ನಡುವೆ ಗಟ್ಟಿ ಕಟ್ಟಿಗೆಯ ತುಂಡು ಸಿಕ್ಕಿಸಿ ಆಮೇಲೆ ಪಾನಾ ಕೈಗೆತ್ತಿಕೊಳ್ಳಬೇಕು. ಅಲಗಿನ ಬಾಯಿಗೆ ದಪ್ಪ ಗೋಣಿತಟ್ಟು ಸುತ್ತಿರಿ. ಪಾನಾ ಜಾರಿದರೆ ಕೈ ಅಲಗಿನ ಕಡೆಗೆ ಹೋಗದಂತೆ ನಿಲ್ಲುವ ಜಾಗವನ್ನು ಮೊದಲೇ ನೋಡಿಕೊಳ್ಳಿ. ಬಿಚ್ಚಿದ ಅಲಗು ಯಾವ ಕಡ್ಡಿಯದೆಂಬುದಕ್ಕೆ ಸುಣ್ಣದಿಂದ ಗುರುತು ಮಾಡಿಕೊಂಡರೆ ಮರಳಿ ಕೂಡಿಸುವುದು ಸುಲಭ.

ಅಲಗಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಅಂಚಿನ ಕಡೆಗೆ ಇಳಿಜಾರು. ಚಪ್ಪಟೆ ಮಗ್ಗುಲು ಅಡ್ಡಪಟ್ಟಿಯ ಕಡೆಗಿರುತ್ತದೆ. ಅರ ಹಾಕತಕ್ಕದ್ದು ಇಳಿಜಾರಿಗೆ ಮಾತ್ರ. ಕುಡಗೋಲನ್ನು ಎರಡೂ ಕಡೆ ಮಸೆದ ರೂಢಿಯಿಂದ ಕೆಲವರು ಚಪ್ಪಟೆ ಮಗ್ಗುಲಿಗೂ ಅರ ತಿಕ್ಕುತ್ತಾರೆ. ಅದರಿಂದ ಅಂಚು ಪಟ್ಟಿಯಿಂದ ದೂರ ಸರಿದು ಸಂದು ಬೀಳುತ್ತದೆ. ಒಮ್ಮೆ ಹಾಗೆ ಕೆಟ್ಟ ಅಲಗನ್ನು ಸರಿಮಾಡಲು ಬಹಳಷ್ಟು ಲೋಹ ತೆಗೆಯಬೇಕಾಗುತ್ತದೆ.

ಅಲಗನ್ನು ಹಿಡಿಕೆಯಲ್ಲಿ ಬಿಗಿದು, ಇಳಿಜಾರಿಗೆ ಲಾಂದ್ರದ ಮಸಿ ಅಥವಾ ಕಾಡಿಗೆ ಹಚ್ಚಿರಿ. ಚಪ್ಪಟೆ ಅರವನ್ನು ಮುಂದಕ್ಕೆ ಮಾತ್ರ ಒತ್ತಿ ತಿಕ್ಕಬೇಕು. ಹಿಂದಕ್ಕೆ ಬರುವಾಗ ಎತ್ತಿಕೊಳ್ಳಬೇಕು. ಮಸಿ ಇಳಿಜಾರಿನ ಅಗಲಕ್ಕೂ ಒಂದೇ ಸಮನೆ ಹೋದರೆ ಮೊದಲಿದ್ದ ಓರೆ ಉಳಿದಿದೆ ಎಂದು ತಿಳಿಯಿರಿ. ಬರೀ ತುದಿಯಲ್ಲಿ ಹೋದರೆ ಅರವನ್ನು ಹೆಚ್ಚು ಎತ್ತಿ ಹಿಡಿದಿದ್ದೀರಿ. ಓರೆಯನ್ನು ತೆಳುವು ಮಾಡಿದರೆ ಮೊದಲ ದಿನ ಚೆನ್ನಾಗಿ ಕತ್ತರಿಸೀತು, ಆದರೆ ಒಣ ಕಣಿಕೆಯ ಗಿಣ್ಣು ತಾಗಿದೊಡನೆ ಬಾಯಿ ಸೀಳುತ್ತದೆ. ಚಪ್ಪಟೆ ಮಗ್ಗುಲಿನಲ್ಲಿ ಉಗುರಿಗೆ ತಟ್ಟುವ ಸಣ್ಣ ಜುಂಗು ಎದ್ದಾಗ ಅರದ ಕೆಲಸ ಮುಗಿಯಿತು. ಆಮೇಲೆ ಎಣ್ಣೆ ಸವರಿದ ಸಾಣೆಕಲ್ಲಿನ ಮೇಲೆ ಚಪ್ಪಟೆ ಮಗ್ಗುಲನ್ನು ಪೂರ್ತಿ ಮಲಗಿಸಿ ಎರಡು ಸಲ ಎಳೆದರೆ ಜುಂಗು ಬಿದ್ದುಹೋಗುತ್ತದೆ.

ಅರ ಹಿಡಿಯದೆ ಜಾರುವಷ್ಟು ಗಟ್ಟಿಯಾದ ಅಲಗಿಗೆ, ಅಥವಾ ತಂತಿ ತಾಗಿ ಹಲ್ಲು ಬಿದ್ದ ಅಲಗಿಗೆ ಸಾಣೆಚಕ್ರ ಬೇಕಾಗುತ್ತದೆ. ಇಲ್ಲಿ ಕೆಡುವುದು ಅವಸರದಿಂದ. ಕಂಬಾರರು ಕೊಡುವ ಹದವೆಂಬುದು ಬಿಸಿಯ ಲೆಕ್ಕ. ಸಾದಾ ಉಕ್ಕು ಕಾದಂತೆ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿಗೆ, 300 ಡಿಗ್ರಿಯ ಸುಮಾರಿಗೆ ನೀಲಿಗೆ ತಿರುಗುತ್ತದೆ. ಅಂಚು ನೀಲಿಯಾಯಿತೆಂದರೆ ಹದ ಹೋಯಿತು. ಅಷ್ಟು ಭಾಗ ಮೆತ್ತಗಾಗಿ ಬೇಗ ಮೊಂಡಾಗುತ್ತದೆ. ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು, ಚಕ್ರಕ್ಕೆ ಹಗುರವಾಗಿ ಮುಟ್ಟಿಸಿ, ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದಬೇಕು. ಕಣ್ಣಿಗೆ ಕನ್ನಡಕ ಇಲ್ಲದೆ ಚಕ್ರದ ಮುಂದೆ ನಿಲ್ಲಬಾರದು.

ಒಂದು ಅಲಗನ್ನು ಹೆಚ್ಚು ಸವೆಸಿ ಇನ್ನೊಂದನ್ನು ಹಾಗೆಯೇ ಬಿಡಬಾರದು. ತೂಕ ಹೆಚ್ಚುಕಡಿಮೆಯಾದರೆ ಗಾಲಿ ನಡುಗಿ ಬೇರಿಂಗು ಸವೆಯುತ್ತದೆ, ಬೋಲ್ಟು ಸಡಿಲಾಗುತ್ತದೆ. ಸಡಿಲಾದ ಅಲಗು ಗಾಲಿಯಿಂದ ಸಿಡಿದರೆ ಎದುರಿಗಿದ್ದವರ ಗತಿ ಹೇಳುವಂತಿಲ್ಲ. ಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿ ನೋಡುವುದು ಉತ್ತಮ. ಎಳೆ ಸವೆದ ಬೋಲ್ಟನ್ನು ಮತ್ತೆ ಹಾಕಬೇಡಿ.

ಅಲಗು ಕೂಡಿಸಿದ ಮೇಲೆ ಸಂದು ನೋಡಬೇಕು. ಗಾಲಿಯನ್ನು ಕಟ್ಟಿಗೆಯಿಂದ ಮೆಲ್ಲಗೆ ತಿರುಗಿಸುತ್ತ, ಉದ್ದನೆಯ ವರ್ತಮಾನಪತ್ರಿಕೆಯ ಪಟ್ಟಿಯನ್ನು ಬಾಯಿಯಲ್ಲಿ ಹಿಡಿಯಿರಿ. ಹಿಡಿದ ಕೈ ಅಲಗಿನಿಂದ ಗೇಣು ದೂರವಿರಲಿ. ಕಾಗದ ಬಾಯಿಯ ಈ ತುದಿಯಿಂದ ಆ ತುದಿಯವರೆಗೆ ಸ್ವಚ್ಛವಾಗಿ ತುಂಡಾಗಬೇಕು. ಮಡಚಿಕೊಂಡ ಕಡೆ ಸಂದು ಹೆಚ್ಚಿದೆ. ಅಲ್ಲಿಯ ಹೊಂದಿಕೆಯ ತಿರುಪನ್ನು ಸ್ವಲ್ಪ ತಿರುಗಿಸಿ. ಅಲಗು ಪಟ್ಟಿಗೆ ಉಜ್ಜಿದರೆ ಹಿಂದೆ ಸರಿಸಿ. ಅಡ್ಡಪಟ್ಟಿಯ ಅಂಚು ಗುಂಡಾಗಿದ್ದರೆ ಕೆಲವು ಯಂತ್ರಗಳಲ್ಲಿ ಅದನ್ನೇ ಮಗುಚಿ ಹೊಸ ಅಂಚನ್ನು ಉಪಯೋಗಿಸಬಹುದು. ಎರಡು ಪೂರ್ತಿ ಸುತ್ತು ಹೀಗೆಯೇ ತಿರುಗಿಸಿ ನೋಡಿ, ಪಾನಾ, ಕಟ್ಟಿಗೆ ತುಂಡು ತೆಗೆದಿದ್ದೀರೆಂದು ಖಾತ್ರಿ ಮಾಡಿಕೊಂಡು, ಬೆಲ್ಟು ಮತ್ತು ಅದರ ಮುಚ್ಚಿಗೆ ಹಾಕಿ, ಕಡೆಗೆ ಫ್ಯೂಸ್ ಹಾಕಿರಿ.

ಸಾಣೆ ಬಹುಕಾಲ ನಿಲ್ಲುವುದು ಮೇವಿನ ಸ್ವಚ್ಛತೆಯ ಮೇಲಿದೆ. ಕಬ್ಬಿನ ಸೋಗೆಯಲ್ಲಿ ಸಿಲಿಕಾ ಅಂಶ ಮೊದಲೇ ಇದೆ. ಅದರ ಮೇಲೆ ಮಣ್ಣು, ಕಲ್ಲು ಬಂದರೆ ಅಲಗು ಬೇಗ ಸವೆಯುತ್ತದೆ. ಹೊರೆಯನ್ನು ಒಮ್ಮೆ ಕೊಡವಿ, ಕಟ್ಟಿದ ತಂತಿಯನ್ನು ತೆಗೆದು ಹಾಕಿರಿ. ಉರುಳೆಯ ಕಡೆಗೆ ಮುಚ್ಚಿದ, ಕೈ ಎಟುಕದಷ್ಟು ಉದ್ದನೆಯ ತೊಟ್ಟಿ ಇಲ್ಲದ ಯಂತ್ರಕ್ಕೆ ಊರಿನ ಕಂಬಾರರಿಂದ ತಗಡಿನದೊಂದನ್ನು ಮಾಡಿಸಿಕೊಳ್ಳಿ. ಕಟ್ಟಿಕೊಂಡ ಮೇವನ್ನು ತೆಗೆಯುವುದು ಗಾಲಿ ಪೂರ್ತಿ ನಿಂತ ಮೇಲೆಯೇ. ಮಕ್ಕಳನ್ನು ಹತ್ತಿರ ಬಿಡಕೂಡದು.

ಇಷ್ಟಾಗಿಯೂ ಬೆರಳು ತುಂಡಾದರೆ, ಗಾಯವನ್ನು ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ ಇಡಬೇಕು. ತುಂಡಾದ ಬೆರಳನ್ನು ಒದ್ದೆ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಮಳೆಗಾಲದಲ್ಲಿ ಯಂತ್ರ ನಿಂತಿರುವಾಗ ಅಲಗನ್ನು ಒರೆಸಿ ಶೇಂಗಾ ಎಣ್ಣೆ ಸವರಿಡಿ. ಸುಟ್ಟ ಎಂಜಿನ್ ಎಣ್ಣೆ ಬೇಡ. ಅದು ಮೇವಿನೊಂದಿಗೆ ದನದ ಹೊಟ್ಟೆಗೆ ಹೋಗುತ್ತದೆ.