ನೆಟ್ ಎಲ್ಲಿಯವರೆಗೆ ಬಂದಿದೆ?

"ನೆಟ್ ಬರವಲ್ದು, ಸ್ವಲ್ಪ ನೋಡ್ರಿ." ಎಮ್ಮಿಗನೂರಿನಲ್ಲಿ ಯಾರ ಮನೆಯ ಲ್ಯಾಪ್‌ಟಾಪ್ ಮುಂದೆ ಕೂತರೂ ಕೇಳುವ ಮಾತು ಇದೇ. ಬೆಳೆ ವಿಮೆಗೆ ಕೊನೆಯ ದಿನವಿರಲಿ, ವಿದ್ಯಾರ್ಥಿವೇತನದ ಅರ್ಜಿಯಿರಲಿ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವ ಹುಡುಗಿಯ ಮೀಟಿಂಗ್ ಇರಲಿ, ದೂರು ಮಾತ್ರ ಬದಲಾಗದು. ಇಂಥ ಕೆಲಸಕ್ಕೆ ಊರಿನವರು ನನ್ನನ್ನು ಕರೆಯುವುದು ರೂಢಿಯಾಗಿದೆ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತ, ಗದ್ದೆಗೆ ನೀರು ಬರದಿದ್ದರೆ ತೂಬಿನಿಂದ ಮೇಲಕ್ಕೆ ನಡೆಯುತ್ತ ನೀರು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ನೋಡುತ್ತಾನೆ. ನೆಟ್ ವಿಷಯದಲ್ಲಿ ನಾನು ಹಿಡಿದ ದಾರಿಯೂ ಅದೇ.

ಹೀಗಾಗಿ ಹೋದ ತಕ್ಷಣ ಯಾವುದನ್ನೂ ಆಫ್ ಮಾಡುವುದಿಲ್ಲ. ರೂಟರ್ ಆಫ್ ಮಾಡಿ, ವೈಫೈ ಪಾಸ್‌ವರ್ಡ್ ಅಳಿಸಿ, ಡ್ರೈವರ್ ತೆಗೆದು, ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಮಾಡಿಬಿಟ್ಟರೆ ನೆಟ್ ಬಂದರೂ ಏನು ಕೆಟ್ಟಿತ್ತೆಂದು ತಿಳಿಯುವುದಿಲ್ಲ. ನಾಳೆ ಮತ್ತೆ ಹೋಗುತ್ತದೆ. ಮೊದಲು ಫೈಬರ್ ಬಾಕ್ಸಿನ ದೀಪ ನೋಡುತ್ತೇನೆ. ಎಲ್ಒಎಸ್ ದೀಪ ಕೆಂಪಗಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ. ರಸ್ತೆ ಅಗೆದಾಗ ಕೇಬಲ್ ಕಡಿದಿರಬಹುದು, ಮನೆಯೊಳಗೇ ತೆಳು ಕೇಬಲ್ ಮಡಚಿರಬಹುದು. ಆಗ ಲ್ಯಾಪ್‌ಟಾಪ್ ಜೊತೆ ಗುದ್ದಾಡುವುದು ವ್ಯರ್ಥ. ದೂರು ಕೊಟ್ಟು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅರ್ಜಿ ಮುಗಿಸಬೇಕು.

ದೀಪ ಸರಿಯಿದ್ದರೆ ರೂಟರಿನಿಂದ ಲ್ಯಾಪ್‌ಟಾಪಿಗೆ ಒಂದು ಲ್ಯಾನ್ ಕೇಬಲ್ ಹಾಕುತ್ತೇನೆ. ಇಷ್ಟು ಬೇಗ ದಾರಿ ತೋರಿಸುವ ಪರೀಕ್ಷೆ ಇನ್ನೊಂದಿಲ್ಲ. ವೈರಿನಲ್ಲಿ ನೆಟ್ ಬಂದರೆ ತೊಂದರೆ ವೈಫೈಯದು. ಅದರಲ್ಲೂ ಬಾರದಿದ್ದರೆ ಎರಡಕ್ಕೂ ಸೇರಿದ ಕಡೆ ಹುಡುಕಬೇಕು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುವುದೇ ಅಪರೂಪ, ಅದಕ್ಕೇ ನನ್ನ ಚೀಲದಲ್ಲಿ ಯುಎಸ್‌ಬಿ ಅಡಾಪ್ಟರ್ ಒಂದು ಸದಾ ಇರುತ್ತದೆ.

ಮುಂದಿನದು ವಿಳಾಸ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ‘ಐಪಿಕಾನ್ಫಿಗ್’ ಎಂದು ಬರೆದರೆ ಅಂಕಿಗಳ ಸಾಲು ಕಾಣುತ್ತದೆ. ಅದು 169.254 ಎಂದು ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ. ವೈಫೈ ಗೆರೆಗಳು ತುಂಬಿದ್ದೂ ಒಂದು ಪುಟವೂ ತೆರೆಯದ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಗೆರೆಗಳು ರೂಟರಿನವರೆಗಿನ ಸಿಗ್ನಲ್ ಮಾತ್ರ ಹೇಳುತ್ತವೆ. ಸಾಮಾನ್ಯವಾಗಿ ಮನೆಗಳಲ್ಲಿ ಇರುವಂತೆ 192.168 ಬಂದಿದ್ದರೆ ಹೊರಗಿನ ನೆಟ್‌ನ ಒಂದು ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡುತ್ತೇನೆ. ಅಲ್ಲಿಂದ ಉತ್ತರ ಬಂದೂ ಹೆಸರು ಟೈಪಿಸಿದರೆ ಪುಟ ತೆರೆಯದಿದ್ದರೆ, ಮೊದಲ ಅನುಮಾನ ಹೆಸರನ್ನು ಅಂಕಿಯಾಗಿಸುವ ಡಿಎನ್ಎಸ್ ಮೇಲೆ. ಅಪರೂಪಕ್ಕೆ ನೆಟ್ ಸರಿಯಿದ್ದೂ ಪುಟಗಳೆಲ್ಲ ‘ಸುರಕ್ಷಿತವಲ್ಲ’ ಎನ್ನುತ್ತವೆ. ಆಗ ಲ್ಯಾಪ್‌ಟಾಪಿನ ತಾರೀಖು ನೋಡಬೇಕು. ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ.

ನಮ್ಮ ಸೀಮೆಗೇ ಸೇರಿದ ತೊಂದರೆಗಳೂ ಇವೆ. ಸೋನಾ ಮಸೂರಿ ಚೀಲ ಪೇರಿಸಿದ್ದ ಒಂದು ಮನೆಯಲ್ಲಿ ನೆಟ್ ಬರುತ್ತಿತ್ತು, ಆದರೆ ನಿಧಾನ. ವೈರ್ ಸಂಪರ್ಕದ ವೇಗ 1000 ತೋರಿಸಬೇಕಾದಲ್ಲಿ 100ಕ್ಕೆ ನಿಂತಿತ್ತು. ಲ್ಯಾನ್ ಕೇಬಲಿನೊಳಗೆ ಎಂಟು ಎಳೆಗಳಿವೆ. 1000ಕ್ಕೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಚೀಲಗಳನ್ನು ಸರಿಸಿ ಗೋಡೆಯಂಚಿನ ಕೇಬಲನ್ನು ಬೆರಳಿನಿಂದ ಸವರುತ್ತ ಹೋದೆ. ಮೂಲೆಯಲ್ಲಿ ಇಲಿ ಹೊರಸಿಪ್ಪೆ ತಿಂದು ಕಂದು ಎಳೆಗಳನ್ನು ಕಡಿದಿತ್ತು. ಕಿತ್ತಳೆ, ಹಸಿರು ಎಳೆಗಳು ಹಾಗೇ ಇದ್ದವು. ಪೋರ್ಟಿನ ದೀಪ ಉರಿಯುತ್ತಲೇ ಇದ್ದುದರಿಂದ ಕೇಬಲ್ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಕಾಳು ಇಡುವ ಮನೆಯಲ್ಲಿ ಕೇಬಲನ್ನು ಪೈಪಿನೊಳಗೆ, ನೆಲದಿಂದ ಎತ್ತರದಲ್ಲಿ ಎಳೆಯಿರಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ ದಾಟಲು 5 ಗಿಗಾಹರ್ಟ್ಸ್ ವೈಫೈ ಒದ್ದಾಡುತ್ತದೆ, 2.4 ಇನ್ನಷ್ಟು ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟರೆ ಎರಡೂ ಸೋಲುತ್ತವೆ. ಮುಂಗಾರಿಗೆ ಮುಂಚಿನ ಸಿಡಿಲಿನಲ್ಲಿ ಹಾಳಾಗುವುದು ಹೆಚ್ಚಾಗಿ ಲ್ಯಾನ್ ಪೋರ್ಟ್. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ತಾಮ್ರದ ಕೇಬಲಿನಲ್ಲೂ ಕರೆಂಟಿನ ತಂತಿಯಲ್ಲೂ ಹರಿಯುತ್ತದೆ. ಮೋಡ ಕಟ್ಟಿದ ಕೂಡಲೇ, ಗುಡುಗು ಹತ್ತಿರ ಬರುವ ಮುಂಚೆ ಎರಡನ್ನೂ ತೆಗೆದಿಡಬೇಕು.

ಉಳಿದದ್ದು ನಮ್ಮ ಕೈಯಲ್ಲಿಲ್ಲದ್ದು. ಬೇರೆಲ್ಲ ಪುಟ ತೆರೆದು, ಅರ್ಜಿಯ ಪುಟ ಒಂದೇ ಸುತ್ತುತ್ತಿದ್ದರೆ ತೊಂದರೆ ಆ ಕಡೆಯ ಸರ್ವರಿನದು. ದೂರದ ಸರ್ವರ್ ನಿಂತದ್ದಕ್ಕೆ ರೈತ ವಿಮೆ ಕಳೆದುಕೊಳ್ಳುವುದು ಅನ್ಯಾಯ. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಒಂದು ಸೆಟ್ಟಿಂಗನ್ನೂ ಮುಟ್ಟದೆ, ತಾರೀಖು, ಗಂಟೆ ಕಾಣುವಂತೆ ಪರದೆಯ ಚಿತ್ರ ತೆಗೆದು ಅವರ ಮೊಬೈಲಿಗೆ ಕಳಿಸುತ್ತೇನೆ. ನಾಳೆ ಕಚೇರಿಯಲ್ಲಿ ಅವಧಿ ವಿಸ್ತರಿಸಿ ಎಂದು ಕೇಳುವಾಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ.